ತಾಳ ಇಟ್ಟ ಜಾಗ

ಮಾರಿಕುಪ್ಪಂನಿಂದ ನಸುಕಿನಲ್ಲಿ ಬೆಂಗಳೂರಿಗೆ ಹೊರಡುವ ರೈಲಿನ ನಡುವಿನ ಬೋಗಿಯೊಂದರಲ್ಲಿ ದಿನವೂ ಭಜನೆ ನಡೆಯುತ್ತದೆ. ದೇವರ ಪಟವನ್ನು ಆಂಡರ್ಸನ್‌ಪೇಟೆಯ ಗೋಪಿ ತನ್ನ ಊಟದ ಡಬ್ಬಿಯ ಜೊತೆಗೇ ಬ್ಯಾಗಿನಲ್ಲಿಟ್ಟುಕೊಂಡು ಬರುತ್ತಾನೆ. ಕಿಟಕಿಯ ಮೇಲಿನ ಕೊಕ್ಕೆಗೆ ಅದನ್ನು ಸಿಕ್ಕಿಸಿ ಒಂದು ಮೊಳ ಕನಕಾಂಬರ ಏರಿಸಿದನೆಂದರೆ ಆಯಿತು. ಅಲ್ಲಿಂದ ಮುಂದೆ ಅದು ರೈಲಲ್ಲ, ಗುಡಿ. ಊದುಬತ್ತಿ ಮಾತ್ರ ಹಚ್ಚುವುದಿಲ್ಲ, ರೈಲ್ವೆಯವರ ಕಾಯಿದೆ. “ಸ್ವಾಮಿಗೆ ಟಿಕೆಟ್ ಕೇಳ್ತಿಲ್ವಲ್ಲ, ಅಷ್ಟೇ ಸಾಕು ಕಣಪ್ಪಾ” ಎನ್ನುತ್ತಾನೆ ಗೋಪಿ.

ಆ ಬೋಗಿಗೆ ಒಂದು ಪದ್ಧತಿಯಿದೆ. ಕೆ.ಜಿ.ಎಫ್. ಕಡೆಯವರು ಮೊದಲು ಹತ್ತುವವರು, ಅವರಿಗೆ ಜಾಗ ಸಿಗುತ್ತದೆ. ಬಂಗಾರಪೇಟೆಯಲ್ಲಿ ಹತ್ತುವವರಿಗೆ ನಿಲ್ಲಲಿಕ್ಕೂ ಕಷ್ಟ. ಹಾಗಾಗಿ ಬಂಗಾರಪೇಟೆಯಲ್ಲಿ ಹತ್ತುವ ಭಜನೆಯವರಿಗಾಗಿ ಮೊದಲು ಹತ್ತಿದವರು ಸೀಟಿನ ಮೇಲೆ ಒಂದು ಜೊತೆ ತಾಳ ಇಟ್ಟಿರುತ್ತಾರೆ. ಕರ್ಚೀಫು ಹಾಕಿದರೆ ಜನ ಎತ್ತಿ ಬಿಸಾಡುತ್ತಾರೆ, ಬ್ಯಾಗು ಇಟ್ಟರೆ ಪಕ್ಕಕ್ಕೆ ನೂಕುತ್ತಾರೆ. ತಾಳ ಇಟ್ಟ ಜಾಗದಲ್ಲಿ ಮಾತ್ರ, ಎಷ್ಟೇ ನೂಕುನುಗ್ಗಲಿರಲಿ, ಯಾರೂ ಕೂರುವುದಿಲ್ಲ.

ಅಕ್ಷರಾಳಿಗೆ ಇದನ್ನು ಹೇಳಿಕೊಟ್ಟವರು ಅಶ್ವತ್ಥಪ್ಪ. ಹೋದ ವರ್ಷ ಅವಳು ಬೆಂಗಳೂರಿನ ಕಾಲೇಜಿಗೆ ಎಂ.ಬಿ.ಎ. ಓದಲು ಹೊರಟ ಮೊದಲ ದಿನ. ಅಪ್ಪ ರವಿಕಿರಣ್ ಕಾರ್ಖಾನೆಯ ಪಾಳಿಗೆ ಹೋಗುವ ಮುಂಚೆ ಸ್ಕೂಟರಿನಲ್ಲಿ ಕೋರಮಂಡಲ್ ಸ್ಟೇಷನ್ನಿಗೆ ಬಿಟ್ಟುಹೋಗಿದ್ದರು. ಖಾಲಿ ಜಾಗ ಕಂಡು ಅವಳು ತಾಳವನ್ನೆತ್ತಿ ಮಡಿಲಲ್ಲಿಟ್ಟುಕೊಂಡು ಕಿಟಕಿಯ ಪಕ್ಕ ಕುಳಿತುಬಿಟ್ಟಳು. ಬೋಗಿಯೆಲ್ಲ ಗಪ್‌ಚಿಪ್. ಬಂಗಾರಪೇಟೆ ಬಂತು. ಕೊರಳಿಗೆ ಮಫ್ಲರ್ ಸುತ್ತಿದ್ದ ಮುದುಕರೊಬ್ಬರು ಬಂದು ಅವಳ ಎದುರು ನಿಂತರು.

“ತಾಳ ಬಾರ್ಸಕ್ಕೆ ಬತ್ತದಾ ತಾಯಿ ನಿಂಗೆ?”

“ಇಲ್ಲ ತಾತಾ.”

“ಇನ್ನೇನ್ ಮಾಡಾದು, ಕಲ್ತ್ಕಾ. ತಾಳ ಎತ್ತಿದ್ ಮೇಲೆ ಬಾರ್ಸ್‌ಬೇಕು. ಜಾಗ ಇಟ್ಟಿರಾದು ಮನುಸ್ರಿಗಲ್ಲ, ತಾಳಕ್ಕೆ.”

ಎಲ್ಲರೂ ನಕ್ಕರು. ಅವರು ಸೀಟಿನ ತುದಿಯಲ್ಲಿ ಒತ್ತರಿಸಿ ಕುಳಿತು, ಅವಳ ಕೈಹಿಡಿದು ಕಂಚಿಗೆ ಕಂಚು ತಾಗಿಸುವುದನ್ನು ತೋರಿಸಿದರು. ಆಮೇಲೆ ಕಣ್ಣು ಮುಚ್ಚಿ ಒಂದು ತೆಲುಗು ತತ್ವಪದ ಎತ್ತಿಕೊಂಡರು. ಅವಳ ಅಪ್ಪ ಅಮ್ಮ ದಾವಣಗೆರೆ ಕಡೆಯವರು; ಮನೆಯಲ್ಲಿ ತೆಲುಗಿಲ್ಲ. ಆದರೂ ಆ ದನಿ ಟೇಕಲ್ಲಿನ ಬಂಡೆಗಳ ಮೇಲೆ ಬಿಸಿಲು ಏರುವ ಹಾಗೆ ಮೆಲ್ಲಗೆ ಏರಿದಾಗ ಅವಳಿಗೆ ಕಣ್ಣು ತುಂಬಿ ಬಂತು. ಅಂದಿನಿಂದ ಅವರು ಅವಳಿಗೆ ತಾತ. ಕಾಮಸಮುದ್ರದ ಹತ್ತಿರದ ಹಳ್ಳಿಯವರು, ಬೆಂಗಳೂರಿನ ಒಂದು ಶಾಲೆಯಲ್ಲಿ ತೋಟದ ಮಾಲಿ ಎಂಬುದೆಲ್ಲ ಆಮೇಲೆ ಗೊತ್ತಾಯಿತು.

ಅಕ್ಷರಾ ಸುಮ್ಮನೆ ಕೂರುವ ಹುಡುಗಿಯಲ್ಲ. ಮನೆಯ ಹಿಂದಿನ ವರಾಂಡದಲ್ಲಿ ಅವಳದೊಂದು ಹಳೇ ಮೇಜು. ರಾಬರ್ಟ್‌ಸನ್‌ಪೇಟೆಯ ಗುಜರಿ ಅಂಗಡಿಯಿಂದ ತಂದ ಸತ್ತ ರೇಡಿಯೋಗಳು, ಸ್ಪೀಕರುಗಳು, ತಂತಿಯ ಸಿಂಬೆಗಳು ಅದರ ಮೇಲೆ. ಸಂಜೆ ಬಂದು ಕೈಕಾಲು ತೊಳೆದವಳೇ ಸೋಲ್ಡರಿಂಗ್ ಕಡ್ಡಿ ಕಾಯಿಸುತ್ತಾಳೆ. ಅಮ್ಮ ಒಳಗಿಂದ, “ಓದೋದು ಬಿಸ್ನೆಸ್ಸು, ಮಾಡೋದು ಕಮ್ಮಾರಿಕೆ” ಅನ್ನುತ್ತಾಳೆ. ಪ್ರತಿಯೊಂದರ ಬಗೆಗೂ ಅವಳಿಗೊಂದು ಅಭಿಪ್ರಾಯ. ಬಂಗಾರಪೇಟೆಯ ಪಾನಿಪೂರಿಯ ಬಿಳಿ ನೀರಿನ ಮುಂದೆ ಬೆಂಗಳೂರಿನ ಹಸಿರು ನೀರು ಏನೂ ಅಲ್ಲ. ಕೃತಕ ಬುದ್ಧಿಮತ್ತೆಗೆ ಕನ್ನಡ ಬರುತ್ತದೆ, ಆದರೆ ನಮ್ಮ ಕೋಲಾರದ ಕಡೆಯ ‘ಬತ್ತೀನಿ ಓಗ್ತೀನಿ’ ಇನ್ನೂ ಬರುವುದಿಲ್ಲ, ಅದನ್ನು ಕಲಿಸಬೇಕಾದವರು ನಾವೇ. ಎಲ್ಲಕ್ಕಿಂತ ಗಟ್ಟಿಯಾದ ಅಭಿಪ್ರಾಯವೊಂದಿತ್ತು, ಕಾಲೇಜಿನಲ್ಲಿ ಕಲಿತದ್ದು: ಖಾಲಿ ಬಿದ್ದಿರುವುದೆಲ್ಲ ನಷ್ಟ. ಖಾಲಿ ಗೋದಾಮು ನಷ್ಟ, ಖಾಲಿ ಲಾರಿ ನಷ್ಟ, ಖಾಲಿ ಸೀಟೂ ನಷ್ಟ.

ಈ ಅಭಿಪ್ರಾಯದಿಂದಲೇ ‘ಜಾಗ’ ಹುಟ್ಟಿದ್ದು. ಬೋಗಿಯವರ ವಾಟ್ಸಾಪ್ ಗುಂಪಿಗೆ ಅವಳು ಕಟ್ಟಿಕೊಟ್ಟ ಒಂದು ಚಿಕ್ಕ ಪ್ರೋಗ್ರಾಮು ಅದು. ಬೆಳಿಗ್ಗೆ ಎದ್ದು ‘ಬತ್ತೀನಿ’ ಎಂದು ಕಳಿಸಿದರೆ ಹಸಿರು ಗುರುತಿನೊಡನೆ ನಿಮ್ಮ ಜಾಗ ಬರುತ್ತದೆ. ಬರದಿದ್ದವರ ಜಾಗ ನಿಂತಿರುವವರಿಗೆ ಹೋಗುತ್ತದೆ. ಜಗಳ ಕಡಿಮೆಯಾಯಿತು. ಗೋಪಿ, “ಎನ್ನಮ್ಮಾ ಇದು, ರೈಲ್ವೆ ಮಂತ್ರಿ ಮಾಡ್ಬೇಕು ನಿನ್ನ!” ಎಂದ. ಅಶ್ವತ್ಥಪ್ಪನವರ ಕೈಯಲ್ಲಿದ್ದದ್ದು ಬಟನ್ ಫೋನು. ಅದಕ್ಕೆ ಅಕ್ಷರಾ ತಾನೇ ಅವರ ಹೆಸರು ಸೇರಿಸಿ, ದಿನಾ ಅವರ ಪರವಾಗಿ ‘ಬತ್ತೀನಿ’ ಕಳಿಸುತ್ತಿದ್ದಳು.

ಆಮೇಲೆ ಅಶ್ವತ್ಥಪ್ಪನವರ ಗಂಟಲಲ್ಲಿ ಏನೋ ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಗಬೇಕಂತೆ ಎಂದರು. “ದೇವ್ರಿದ್ದಾನೆ, ಬೇಗ ಬತ್ತೀನಿ” ಎಂದು ಇಳಿದುಹೋದವರು ಬಹಳ ದಿನ ಬರಲಿಲ್ಲ. ಬೋಗಿಯವರು ಕಿಟಕಿಯ ಪಕ್ಕದ ಅವರ ಜಾಗದಲ್ಲಿ ತಾಳ ಇಡುತ್ತಲೇ ಇದ್ದರು, ಅಕ್ಷರಾ ಅವರ ಪರವಾಗಿ ‘ಬತ್ತೀನಿ’ ಕಳಿಸುತ್ತಲೇ ಇದ್ದಳು. ಭಜನೆಯೇನೋ ನಡೆಯುತ್ತಿತ್ತು, ಆದರೆ ಹಿಡಿತ ತಪ್ಪಿತ್ತು. ಗೋಪಿ ಹಾಡು ಎತ್ತಿಕೊಂಡರೆ ರೈಲಿಗಿಂತ ಮುಂದೆ ಓಡುತ್ತಿದ್ದ. ಮಾಲೂರು ಬರುವಷ್ಟರಲ್ಲಿ ಮಂಗಳವನ್ನೂ ಹಾಡಿ ಮುಗಿಸಿರುತ್ತಿದ್ದರು. ಅಕ್ಷರಾ ಫೋನಿನಲ್ಲಿ ಟಕ್ ಟಕ್ ಎನ್ನುವ ತಾಳದ ಆ್ಯಪ್ ಹಾಕಿ ನೋಡಿದಳು. ಗಾಲಿಯ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ನಡುವೆ ಅವಳಿಗೆ ಪರೀಕ್ಷೆ. ಐದಾರು ವಾರ ಕಾಲೇಜಿನ ಹಾಸ್ಟೆಲಿನಲ್ಲೇ ಗೆಳತಿಯ ಜೊತೆ ಉಳಿದಳು. ತಾತನ ಪರವಾಗಿ ‘ಬತ್ತೀನಿ’ ಕಳಿಸುವುದು ಮರೆತೇಹೋಯಿತು. ‘ಜಾಗ’ಕ್ಕೆ ಅವಳೇ ಬರೆದ ಒಂದು ನಿಯಮವಿತ್ತು: ಒಂದು ತಿಂಗಳು ಸುದ್ದಿಯಿಲ್ಲದವರ ಹೆಸರು ತಾನಾಗಿಯೇ ಅಳಿಸಬೇಕು. ಅದು ಅಳಿಸಿತು. ಹೇಳಿದ್ದನ್ನು ಮಾಡಿತು, ಪಾಪ.

ಅವಳು ತಿರುಗಿ ಬಂದ ದಿನ ಬಂಗಾರಪೇಟೆಯಲ್ಲಿ ಹೊಸ ಹೆಂಗಸೊಬ್ಬಳು ಹತ್ತಿ ಬಂದು ಕಿಟಕಿಯ ಪಕ್ಕ ಕುಳಿತಳು. ರಾಧ ಎಂದು ಹೆಸರು, ತುಂಬು ಬಸುರಿ, ವೈಟ್‌ಫೀಲ್ಡಿನ ಗಾರ್ಮೆಂಟಿನಲ್ಲಿ ಕೆಲಸ. ತಾಳ ಮೇಲೆ ಕೊಕ್ಕೆಯಲ್ಲಿ ತೂಗುತ್ತಿತ್ತು. ಇದು ತಾತನ ಜಾಗ ಎನ್ನಲು ಹೊರಟಳು ಅಕ್ಷರಾ. ಆದರೆ ರಾಧ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, “ಅಕ್ಕಾ, ನೀವೇ ಅಂತಲ್ಲ ಇದನ್ನ ಮಾಡಿದ್ದು? ಪುಣ್ಯ ಬರ್ಲಿ ನಿಮ್ಗೆ. ನಿಂತ್ಕೊಂಡು ಓಗಿ ಓಗಿ ಕಾಲು ಊದ್ಕೊಂಡಿದ್ವು” ಎಂದಾಗ ಏನು ಹೇಳುವುದು? ಬಸುರಿಯೊಬ್ಬಳು ಕುಳಿತಿದ್ದಾಳೆ, ತಾತ ಇದ್ದರೂ ಇದನ್ನೇ ಮಾಡುತ್ತಿದ್ದರು ಎಂದುಕೊಂಡು ಸುಮ್ಮನಾದಳು. ಅಂದುಕೊಂಡದ್ದು ಸುಳ್ಳಲ್ಲ. ಆದರೂ ಮನಸ್ಸು ತಿಳಿಯಾಗಲಿಲ್ಲ.

ಒಂದು ಸಂಜೆ ವಾಪಸ್ ಬರುವಾಗ ರೈಲು ಬಂಗಾರಪೇಟೆಯಲ್ಲಿ ನಿಂತಿತ್ತು. ಅಕ್ಷರಾ ಬಾಗಿಲ ಬಳಿ ಗಾಳಿಗೆ ನಿಂತಿದ್ದಳು. ಕೊನೆಯ ಬೋಗಿಯಿಂದ ಮಫ್ಲರ್ ಸುತ್ತಿದ ಬಡಕಲು ಜೀವವೊಂದು ಇಳಿದು, ಕಂಬಿ ಹಿಡಿದು ಒಂದು ಗಳಿಗೆ ಸುಧಾರಿಸಿಕೊಂಡು, ಮೆಟ್ಟಿಲ ಕಡೆಗೆ ಹೊರಟಿತು. ಆ ನಡಿಗೆ ಅವಳಿಗೆ ಗೊತ್ತು.

“ತಾತಾ!”

ಅವಳು ಇಳಿದು ಓಡಿದಳು. ಅಶ್ವತ್ಥಪ್ಪ ತಿರುಗಿ ನೋಡಿದರು. ಮುಖ ಅರಳಿತು, ಬಾಯಿ ತೆರೆಯಿತು, ದನಿ ಮಾತ್ರ ಬರಲಿಲ್ಲ. ಬಂದದ್ದು ಒಣ ಎಲೆ ಸರಿದ ಹಾಗೆ ಒಂದು ಪಿಸುಮಾತು.

“ಚೆನ್ನಾಗಿದ್ದೀಯಾ ಮಗಾ? ಓಗು, ರೈಲು ಓಯ್ತದೆ.”

“ಯಾವಾಗಿಂದ ಬರ್ತಿದ್ದೀರಿ? ನಮ್ಮ ಬೋಗಿಗೆ ಯಾಕೆ ಬರ್ಲಿಲ್ಲ?”

ಅವರು ನಕ್ಕು ಕೈಯಾಡಿಸಿದರು. ರೈಲು ಕೂಗಿತು. ಅವಳು ಓಡಿಬಂದು ಹತ್ತಿಕೊಳ್ಳಬೇಕಾಯಿತು.

ಮರುದಿನ ಅವಳು ಬೋಗಿಯಲ್ಲಿ ಈ ಮಾತು ಎತ್ತಿದಾಗ ರಾಧ ಬೆಚ್ಚಿ ಕೂತಳು. “ಮಫ್ಲರ್ ತಾತನಾ? ಅಯ್ಯೋ, ಅವ್ರು ಒಂದಿನ ಕಿಟ್ಕಿ ಅತ್ರ ಬಂದಿದ್ರಕ್ಕ. ಸರಳು ಇಡ್ಕೊಂಡು ಒಳ್ಗೆ ನೋಡಿದ್ರು. ‘ತಾಳ ಎಲ್ಲಮ್ಮ?’ ಅಂದಂಗಾಯ್ತು, ಸರಿಯಾಗಿ ಕೇಳಿಸ್ಲಿಲ್ಲ. ನಾನು ಫೋನ್ ತೋರ್ಸಿ, ‘ಇದು ನಂಗೆ ಬಂದಿರೋ ಜಾಗ ತಾತಾ, ನೋಡಿ ಅಸ್ರು ಗುರ್ತು’ ಅಂದೆ. ‘ಕುಂತ್ಕಾ ತಾಯಿ’ ಅಂತ ಕೈ ತೋರ್ಸಿ ಓದ್ರು.”

ಗೋಪಿ ಪಟದ ಕಡೆಗೆ ನೋಡಿದ. “ಇದೇ ರೈಲಲ್ಲಿ, ನಮ್ ಇಂದೇನೇ ಬತ್ತಾವ್ರೆ. ನಾವಿಲ್ಲಿ ಗೋವಿಂದಾ ಗೋವಿಂದಾ ಅಂತ ಕಿರಚ್ತಾ ಇದೀವಿ. ಥೂ ನಮ್ಮ!”

ಆ ಭಾನುವಾರ ಅಕ್ಷರಾ ಕಾಮಸಮುದ್ರದ ಬಸ್ಸು ಹತ್ತಿದಳು. ಮಡಿಲಲ್ಲಿ ಒಂದು ಸಣ್ಣ ಪೆಟ್ಟಿಗೆ. ಆ ವಾರ ಸಂಜೆಗಳಲ್ಲೆಲ್ಲ ಕೂತು ಮಾಡಿದ್ದು: ಹಳೇ ರೇಡಿಯೋದ ಸ್ಪೀಕರು, ಕೊರಳಿಗೆ ಕಟ್ಟಿಕೊಳ್ಳುವ ಪುಟ್ಟ ಮೈಕು, ಬ್ಯಾಟರಿ. ಪಿಸುಮಾತನ್ನೂ ದೊಡ್ಡದು ಮಾಡುತ್ತದೆ. ದನಿ ಹೋದವರಿಗೆ ದನಿ ಕೊಟ್ಟರೆ ಜಾಗ ತಾನಾಗಿ ಸಿಗುತ್ತದೆ ಎಂಬುದು ಅವಳ ಲೆಕ್ಕ.

ಅಶ್ವತ್ಥಪ್ಪನವರ ಮನೆ ರಾಗಿ ಹೊಲದ ಅಂಚಿನಲ್ಲಿತ್ತು. ಅವರು ಹಸುವಿಗೆ ಹುಲ್ಲು ಉದುರಿಸುತ್ತಿದ್ದರು. ಹೆಂಡತಿ ಆದಿಲಕ್ಷ್ಮಮ್ಮ ಬಾಗಿಲಿಗೆ ಬಂದು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ನೀನೇನಾ ಆ ರೈಲ್ ಮೊಮ್ಮಗ್ಳು? ದಿನಾ ನಿನ್ ಸುದ್ದೀನೇ ಏಳ್ತಿತ್ತು ಈಯಪ್ಪ, ದನಿ ಇದ್ದಾಗ. ಬಾ, ಒಳಿಕ್ ಬಾ. ಬಿಸ್ಲಲ್ಲಿ ಬಂದಿದ್ದೀಯ, ಮಜ್ಜಿಗೆ ಕುಡಿ.”

ಮಜ್ಜಿಗೆ ಕುಡಿದು ಅಕ್ಷರಾ ಪೆಟ್ಟಿಗೆ ತೆಗೆದಳು. ಮೈಕನ್ನು ತಾತನ ಕೊರಳಿಗೆ ಕಟ್ಟಿದಳು. ಗುಬುಟು ತಿರುಗಿಸಿದಳು. “ಏನಾದ್ರೂ ಮಾತಾಡಿ ತಾತಾ.”

“ಏನ್ ಮಾತಾಡ್ಲಿ?” ಎಂದರು ಅವರು.

ಪೆಟ್ಟಿಗೆಯಿಂದ ಹೊರಟದ್ದು ಕಬ್ಬಿಣದ ತಗಡು ಉಜ್ಜಿದಂಥ ಸದ್ದು. ಕೊಟ್ಟಿಗೆಯಲ್ಲಿದ್ದ ಕರು ಹಗ್ಗ ಜಗ್ಗಿಕೊಂಡು ಅಂಬಾ ಎಂದಿತು. ಕೋಳಿಗಳು ಚೆಲ್ಲಾಪಿಲ್ಲಿ. ಆದಿಲಕ್ಷ್ಮಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು.

“ಬ್ಯಾಡಮ್ಮಾ ತಾಯೀ, ಕರ ಎಗರಿ ಬಾವೀಗ್ ಬಿದ್ದಾತು! ಮದ್ವೆ ಆದಾಗಿಂದ ಬೈಸ್ಕಂಡಿದ್ದು ಸಾಲ್ದು ಅಂತ ಇನ್ನ ಮೈಕಲ್ಲಿ ಬೇರೆ ಬೈಸ್ಕಬೇಕಾ?”

ಅಶ್ವತ್ಥಪ್ಪನವರೂ ನಕ್ಕರು, ಸದ್ದಿಲ್ಲದೆ, ಹೆಗಲು ಕುಣಿಸುತ್ತ. ಆಮೇಲೆ ಮೈಕು ಬಿಚ್ಚಿ, ಜೋಪಾನವಾಗಿ ಸುತ್ತಿ ಅವಳ ಕೈಗಿಟ್ಟರು.

“ಬಲೇ ಚೆಂದಾಗ್ ಮಾಡಿದ್ದೀಯ ಮಗಾ. ಆದ್ರೆ ಇದು ನನ್ ದನಿ ಅಲ್ಲ.” ಪಿಸುಮಾತು ಕೇಳಿಸಬೇಕೆಂದು ಅವಳು ಹತ್ತಿರ ಬಾಗಿದಳು. “ದೇವ್ರು ಕೊಟ್ಟಿದ್ದ, ತಕಂಡ. ಬ್ಯಾಸ್ರ ಇಲ್ಲ. ಆ ಜಾಗ ಪದ ಏಳೋನ್ದು. ಪದ ನಿಂತೋದ್ ಮೇಲೆ ಅಲ್ಲಿ ಕುಂತ್ರೆ ನಿಮ್ಗೂ ಕಷ್ಟ, ನಂಗೂ ಕಷ್ಟ. ಅಯ್ಯೋ ಪಾಪ ಅಂತ ಎಲ್ರೂ ಮಕ ನೋಡ್ತಾರೆ. ಆ ಕೊನೇ ಬೋಗಿನಾಗೆ ನನ್ನ ಯಾರಿಗೂ ಗೊತ್ತಿಲ್ಲ. ಕಣ್ ಮುಚ್ಕಂಡು ಒಳ್ಗೇ ಏಳ್ಕಂತೀನಿ.”

“ನಾನು ಮರೆತೆ ತಾತಾ. ಅದಕ್ಕೇ ನಿಮ್ಮ ಹೆಸರು ಅಳಿಸಿಹೋಯ್ತು.”

“ಆ ಮಗೀಗ್ ಸಿಕ್ತಲ್ಲ ಜಾಗ, ಒಟ್ಟೇಲಿ ಇನ್ನೊಂದ್ ಜೀವ ಐತೆ. ಒಳ್ಳೇದೇ ಆಯ್ತು ಬಿಡು.”

ಅವಳು ಪೆಟ್ಟಿಗೆ ಮುಚ್ಚಿಟ್ಟಳು. ಹೊತ್ತು ಇಳಿಯಿತು. ಸಂಜೆಯ ಬಸ್ಸಿಗೆ ಇನ್ನೂ ಸಮಯವಿತ್ತು. ಆದಿಲಕ್ಷ್ಮಮ್ಮ ದೇವರ ಗೂಡಿಗೆ ದೀಪ ಹಚ್ಚಿದರು. ಅಶ್ವತ್ಥಪ್ಪ ಕೈಕಾಲು ತೊಳೆದು ಬಂದು, ಗೂಡಿನ ಪಕ್ಕದಿಂದ ತಾಳ ತೆಗೆದುಕೊಂಡು ಗೋಡೆಗೊರಗಿದರು. ಕಂಚು ಕಂಚಿಗೆ ಮುಟ್ಟಿತು. ಅವಸರವಿಲ್ಲ, ತಡೆಯೂ ಇಲ್ಲ, ಬಾವಿಗೆ ಹಗ್ಗ ಇಳಿದ ಹಾಗೆ. ಆ ಹಗ್ಗ ಹಿಡಿದುಕೊಂಡು ಆದಿಲಕ್ಷ್ಮಮ್ಮ ಹಾಡತೊಡಗಿದರು. ಅದೇ ತತ್ವಪದ. ದನಿ ಒರಟು, ಅಲ್ಲಲ್ಲಿ ಮಾತು ಮರೆತುಹೋಗುತ್ತಿತ್ತು. ಮರೆತಾಗ ತಾಳ ಒಂದು ಗಳಿಗೆ ಅಲ್ಲೇ ಸುತ್ತಿ ಕಾಯುತ್ತಿತ್ತು. ಮಾತು ಸಿಕ್ಕಿದ ಮೇಲೆ ಕೈಹಿಡಿದು ಮುಂದಕ್ಕೆ ಕರೆದೊಯ್ಯುತ್ತಿತ್ತು.

ಹಾಡು ಮುಗಿದ ಮೇಲೆ ಆದಿಲಕ್ಷ್ಮಮ್ಮ ನಾಚಿಕೊಂಡರು. “ಇಷ್ಟ್ ವರ್ಸ ಒಂದ್ ಪದ ಏಳ್ದೋಳಲ್ಲ ನಾನು. ಈಯಪ್ಪ ತಾಳ ಇಡ್ಕಂಡ್ ಸುಮ್ಕೆ ಕುಂತಿರೋದ್ ನೋಡಕ್ಕಾಗ್ದೆ ಸುರು ಮಾಡ್ದೆ. ಕತ್ತೆ ಅರಚ್ದಂಗೆ ಅರಚ್ತೀನಿ. ಆದ್ರೂ ಬಿಡಲ್ಲ, ದಾರಿ ತಪ್ಪಕ್ ಬಿಡಲ್ಲ.”

ಅಕ್ಷರಾ ತಾತನ ಕೈಯಲ್ಲಿದ್ದ ತಾಳವನ್ನೇ ನೋಡುತ್ತಿದ್ದಳು. ಎದ್ದು ಬಸ್ಸಿಗೆ ಹೊರಡುವಾಗ ಹೊಸಿಲಲ್ಲಿ ನಿಂತು ಹೇಳಿದಳು.

“ತಾತಾ, ಮೊದಲ್ನೇ ದಿನ ನೀವು ನನಗೊಂದು ಮಾತು ಹೇಳಿದ್ರಿ. ಜಾಗ ಇಟ್ಟಿರೋದು ಮನುಷ್ಯರಿಗಲ್ಲ, ತಾಳಕ್ಕೆ ಅಂತ. ಪದ ಹೇಳೋರಿಗೆ ಅಂತ ನೀವು ಹೇಳ್ಲಿಲ್ಲ. ಅಲ್ಲಿ ನಾವೆಲ್ಲಾ ದಾರಿ ತಪ್ಪಿ ಮಾಲೂರಿಗೇ ಮಂಗಳ ಹಾಡ್ತಿದ್ದೀವಿ.”

ಅಶ್ವತ್ಥಪ್ಪ ದೀಪದ ಕಡೆ ನೋಡಿದರು.

“ನೋಡಾನ,” ಎಂದರು ಕೊನೆಗೆ.

ಸೋಮವಾರ ನಸುಕು. ಪ್ರೋಗ್ರಾಮಿನಿಂದ ಆ ಕಿಟಕಿಯ ಪಕ್ಕದ ಜಾಗವನ್ನೇ ಅಕ್ಷರಾ ತೆಗೆದುಹಾಕಿದ್ದಳು. ಯಾರು ‘ಬತ್ತೀನಿ’ ಎಂದರೂ ಅದು ಆ ಜಾಗ ಕೊಡುವುದಿಲ್ಲ, ‘ತಾಳ ಇಟ್ಟಿದೆ’ ಎಂದಷ್ಟೇ ಹೇಳುತ್ತದೆ. ಎಲ್ಲ ಖಾಲಿಯೂ ನಷ್ಟವಲ್ಲ ಎಂದು ಕಾಲೇಜಿನಲ್ಲಿ ವಾದ ಮಾಡಿ ಗೆಲ್ಲಬಲ್ಲೆನೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಗೋಪಿ ಪಟ ತೂಗುಹಾಕಿ, ಕೊಕ್ಕೆಯಲ್ಲಿದ್ದ ತಾಳವನ್ನು ಪಂಚೆಯ ತುದಿಯಿಂದ ಒರೆಸಿ ಸೀಟಿನ ಮೇಲಿಟ್ಟ.

ಬಂಗಾರಪೇಟೆ ಬಂತು. ಜನ ನುಗ್ಗಿದರು. ಅಕ್ಷರಾ ಎದ್ದು ತನ್ನ ಜಾಗವನ್ನು ರಾಧಳಿಗೆ ಕೊಟ್ಟು ಕಂಬಿ ಹಿಡಿದು ನಿಂತಳು. ಹೊಸಬರೊಬ್ಬರು ಖಾಲಿ ಸೀಟು ನೋಡಿ ಸಿಡುಕಿದರು. “ಏನ್ರೀ ಇದು, ಇಷ್ಟ್ ಜನ ನಿಂತಿದ್ದಾರೆ, ಇಲ್ಲಿ ಖಾಲಿ ಬಿಟ್ಟಿದ್ದೀರಿ?”

“ಖಾಲಿ ಎಲ್ಲೈತೆ ಸಾರ್?” ಎಂದ ಗೋಪಿ. “ತಾಳ ಕುಂತೈತೆ, ಕಾಣ್ತಿಲ್ವಾ?”

ಅಕ್ಷರಾ ಕಿಟಕಿಯತ್ತ ಬಾಗಿ ಪ್ಲಾಟ್‌ಫಾರಮ್ಮಿನ ಉದ್ದಕ್ಕೂ ನೋಡಿದಳು. ವಡೆ ಮಾರುವವನು, ಕಾಫಿ ಮಾರುವವನು, ಹಾಲಿನ ಕ್ಯಾನು. ಮಫ್ಲರ್ ಕಾಣಲಿಲ್ಲ. ರೈಲು ಕೂಗಿತು. ಅಲುಗಿತು. ಪ್ಲಾಟ್‌ಫಾರಮ್ಮು ಹಿಂದೆ ಸರಿಯತೊಡಗಿತು. ಹಿಂದಿನ ಬೋಗಿಗೇ ಹತ್ತಿರಬೇಕು. ಅವಳು ಕಣ್ಣು ಮುಚ್ಚಿಕೊಂಡಳು. ಸ್ವಾಮೀ, ಬಲವಂತ ಮಾಡಲಾರೆ, ಆದರೂ ಕೇಳುತ್ತಿದ್ದೇನೆ ಎಂದಷ್ಟೇ ಒಳಗೆ ಹೇಳಿಕೊಂಡಳು.

“ಒಸಿ ಜರುಗ್ರಪ್ಪಾ, ದೊಡ್ಡೋರು ಬತ್ತಾವ್ರೆ!” ಎಂದು ಆ ಕಡೆಯ ಬಾಗಿಲ ಬಳಿ ಯಾರೋ ಕೂಗಿದರು. ಗುಂಪು ಸೀಳಿತು. ಮೈಗೆ ಮೈ ಉಜ್ಜಿಕೊಂಡು, ಕಂಬಿಯಿಂದ ಕಂಬಿಗೆ ಕೈ ಬದಲಿಸುತ್ತ ಅಶ್ವತ್ಥಪ್ಪ ಬಂದರು. ಉಸಿರು ಏರಿತ್ತು. ಯಾರ ಮುಖವನ್ನೂ ನೋಡಲಿಲ್ಲ. ಮೊದಲು ಪಟಕ್ಕೆ ಕೈ ಮುಗಿದರು. ಆಮೇಲೆ ಸೀಟಿನ ಮೇಲಿದ್ದ ತಾಳವನ್ನು ಎರಡೂ ಕೈಯಿಂದ ಎತ್ತಿ ಕಣ್ಣಿಗೊತ್ತಿಕೊಂಡರು.

ಎಲ್ಲರೂ ಅವರು ಕೂರಲಿ ಎಂದು ಕಾದರು. ಅವರು ಕೂರಲಿಲ್ಲ. ರಾಧಳ ಕಡೆ ತಿರುಗಿ, ಕಿಟಕಿಯ ಪಕ್ಕದ ಜಾಗಕ್ಕೆ ಕೈ ತೋರಿಸಿದರು.

“ಅಯ್ಯೋ ಬೇಡ ತಾತಾ, ಅದು ನಿಮ್ದು!” ಎಂದಳು ರಾಧ, ಅಳು ಬಂದವಳಂತೆ.

ಅವರ ಪಿಸುಮಾತು ಗಾಲಿಯ ಸದ್ದಿನಲ್ಲಿ ಕೇಳಿಸಲಿಲ್ಲ. ಅಕ್ಷರಾ ಬಾಯಿಗೆ ಕಿವಿಯಿಟ್ಟು ಕೇಳಿ, ಎಲ್ಲರಿಗೂ ಕೇಳುವಂತೆ ಹೇಳಿದಳು. “ತಾಳ ಕೈಗೆ ಬಂತಲ್ಲ, ಇನ್ನು ಜಾಗ ಖಾಲಿ ಅಂತೆ. ಗಾಳಿ ಬರ್ತದೆ, ಬಸುರಿ ಹೆಂಗಸು ಅಲ್ಲಿ ಕೂತ್ಕೋಬೇಕಂತೆ.”

ರಾಧ ಕಿಟಕಿಗೆ ಸರಿದಳು. ಅವಳು ಬಿಟ್ಟ ಜಾಗದಲ್ಲಿ ಅಶ್ವತ್ಥಪ್ಪ ತುದಿಯಲ್ಲಿ ಕುಳಿತು, ಪಕ್ಕವನ್ನು ಅಂಗೈಯಿಂದ ತಟ್ಟಿ ಅಕ್ಷರಾಳನ್ನೂ ಒತ್ತರಿಸಿ ಕೂರಿಸಿಕೊಂಡರು. ಮೊದಲ ದಿನದ ಹಾಗೆಯೇ. ಗೋಪಿ ಗಂಟಲು ಸರಿಮಾಡಿಕೊಂಡು ಓಡಲು ಸಿದ್ಧನಾದ. ಅಶ್ವತ್ಥಪ್ಪ ಕಣ್ಣೆತ್ತಿ ಅವನನ್ನೊಮ್ಮೆ ನೋಡಿದರು.

“ಆಯ್ತು ತಾತಾ, ಮೆಲ್ಲುಗ್ ಬತ್ತೀನಿ” ಎಂದ ಗೋಪಿ.

ಕಂಚು ಕಂಚಿಗೆ ತಾಗಿತು. ಅಕ್ಷರಾ ಊಟದ ಡಬ್ಬಿ ಮಡಿಲಿಗೆ ತೆಗೆದುಕೊಂಡು ಮುಚ್ಚಳದ ಮೇಲೆ ಬೆರಳಿನಿಂದ ಅದೇ ತಾಳ ತಟ್ಟತೊಡಗಿದಳು. ಹೊರಗೆ ಬಂಡೆಗಳ ಮೇಲೆ ಬಿಸಿಲು ಏರುತ್ತಿತ್ತು. ಅಂದು ಟೇಕಲ್ ದಾಟಿತು, ಮಾಲೂರು ದಾಟಿತು, ಪದ ಇನ್ನೂ ನಡೆಯುತ್ತಲೇ ಇತ್ತು.